ಕಣ್ಣು ಕ್ಯಾಮೆರಾದ ಮೇಲಿರಲಿ

ಮಾತಾಡುವಾಗ ರೋಗಿಯ ಮುಖ ನೋಡಬಾರದು, ಕ್ಯಾಮೆರಾದ ಪಕ್ಕದ ಹಸಿರು ದೀಪವನ್ನು ನೋಡಬೇಕು, ಹಾಗೆ ನೋಡಿದರೆ ಮಾತ್ರ ಡಾಕ್ಟರು ತನ್ನನ್ನೇ ನೋಡುತ್ತಿದ್ದಾರೆ ಎಂದು ರೋಗಿಗೆ ಅನ್ನಿಸುತ್ತದೆ ಎಂದು ಸಿಲ್ವಾನಾ ಮತ್ತೊಮ್ಮೆ ಹೇಳಿದಾಗ ಯೂರಾನಿಸ್‌ಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಆದರೆ ಬಾಯಿ ತೆರೆಯುವಂತಿರಲಿಲ್ಲ. ಆಸ್ಪತ್ರೆಯ ಪ್ರಚಾರ ವಿಭಾಗದ ಈ ಹೆಂಗಸು ಅವಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತುಟಿಗೆ ಬಣ್ಣ ಹಚ್ಚುತ್ತಿದ್ದಳು. ಎರಡನೇ ವರ್ಷದ ಪಿಜಿ ಡಾಕ್ಟರಿಗೆ, ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಕಣ್ಣ ಕೆಳಗೆ ಕಪ್ಪು ಹಿಡಿದಿರುವವಳಿಗೆ, ಬೆಳಗಿನ ಕಾಫಿಯೂ ಇಳಿದಿರದ ಹೊತ್ತಿನಲ್ಲಿ ಬಣ್ಣ. ದೀಪದ ಬೆಳಕಿಗೆ ಮುಖ ಬಿಳಿಚಿಕೊಂಡು ಕಾಣುತ್ತದಂತೆ, ರೋಗಿಗಳು ಹೆದರುತ್ತಾರಂತೆ. ಬಿಳಿಚಿಕೊಂಡಿದ್ದರೆ ಹಾಗೇ ಕಾಣಲಿ ಬಿಡಿ ಎನ್ನಬೇಕೆನಿಸಿತು. ಹೋದ ತಿಂಗಳಿಂದ ಈ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಟೆಲಿಮೆಡಿಸಿನ್‌ಗೆ ನಮ್ಮ ಪಿಜಿಗಳು ಸಿದ್ಧರಿದ್ದಾರೋ ಇಲ್ಲವೋ. ಗೋಡೆಯ ಮೇಲೆ ಅದೇ, ಬೆಳಗಿನ ತರಗತಿಯಲ್ಲಿ ಅದೇ, ಫೋನಿಗೆ ಬರುವ ಸಮೀಕ್ಷೆಯಲ್ಲೂ ಅದೇ. ಅವಳ ಜೊತೆಯ ಪಿಜಿ ಬ್ರೈನರ್ ಎಲ್ಲ ಪ್ರಶ್ನೆಗೂ ಕಣ್ಣು ಮುಚ್ಚಿಕೊಂಡು 'ಪೂರ್ಣ ಸಿದ್ಧ' ಎಂದು ಒತ್ತಿ ಕಳಿಸಿದ್ದ. ಸಿದ್ಧವಿಲ್ಲ ಎಂದವರಿಗೆ ಶನಿವಾರ ಹೆಚ್ಚಿನ ತರಗತಿ ಇದೆ ಎಂದು ಅವನಿಗೆ ಮೊದಲೇ ಗೊತ್ತಾಗಿತ್ತು. ಲಾ ಗಾರ್ಸಾದ ದೋಣಿಗೆ ಪೆಟ್ರೋಲು ಸಿದ್ಧವಿದೆಯೇ ಎಂದು ಯಾವ ಸಮೀಕ್ಷೆಯೂ ಕೇಳಿರಲಿಲ್ಲ.

ಲಾ ಗಾರ್ಸಾ ಎಂದರೆ ಮಗ್ದಲೇನಾ ನದಿ ಕವಲೊಡೆದು ಕೆರೆಗಳಾಗಿ ಹರಡಿಕೊಳ್ಳುವ ಕಡೆ ಇರುವ ಊರು. ಅಲ್ಲಿಂದ ಈ ಆಸ್ಪತ್ರೆಯಿರುವ ಬರಾಂಕಿಯಾ ನಗರಕ್ಕೆ ಬರಬೇಕೆಂದರೆ ಮೊದಲು ದೋಣಿ, ಆಮೇಲೆ ಕುಲುಕಾಡುವ ರಸ್ತೆ. ಆ ದಾರಿಯನ್ನು ತಪ್ಪಿಸುವುದೇ ಡಾಕ್ಟರ್ ಒಕ್ತಾವಿಯೊ ಅವರ ಯೋಜನೆಯ ಹೆಗ್ಗಳಿಕೆ. ವಿಭಾಗದ ಮುಖ್ಯಸ್ಥರಾದ ಅವರು ಮಾತೆತ್ತಿದರೆ 'ತಪ್ಪಿದ ಪ್ರಯಾಣಗಳು' ಎನ್ನುತ್ತಾರೆ. ಎಷ್ಟು ಪ್ರಯಾಣ ತಪ್ಪಿತು ಎಂಬುದೇ ಲೆಕ್ಕ, ಪ್ರಯಾಣ ತಪ್ಪಿಸಿಕೊಂಡವರು ಆಮೇಲೆ ಏನಾದರು ಎಂಬುದಕ್ಕೆ ಲೆಕ್ಕವಿಲ್ಲ. ಇವತ್ತು ಪ್ರಾಂತ್ಯದ ಆರೋಗ್ಯ ಕಾರ್ಯದರ್ಶಿ ಬರುತ್ತಾರೆ, ಸಭಾಂಗಣದ ದೊಡ್ಡ ಪರದೆಯ ಮೇಲೆ ಒಂದು ತಪಾಸಣೆ ನೇರವಾಗಿ ನಡೆಯಬೇಕು, ಅದಕ್ಕೆ ಯೂರಾನಿಸ್ ಆಗಬೇಕು ಎಂದು ಒಕ್ತಾವಿಯೊ ನಿನ್ನೆ ಕರೆದು ಹೇಳಿದ್ದರು. ನದಿ ಕಡೆಯ ಹುಡುಗಿ, ಅಲ್ಲಿಯವರ ಮಾತು ಬರುತ್ತದೆ, ನೋಡಲೂ ಪರವಾಗಿಲ್ಲ. ಪರವಾಗಿಲ್ಲ ಎಂಬ ಮಾತನ್ನು ಅವರು ಎದುರಿಗೇ ಹೇಳಿದ್ದರು. ಕೊನೆಗೆ, ಹೃದ್ರೋಗ ವಿಭಾಗದಲ್ಲಿ ಮುಂದಿನ ವರ್ಷ ಒಂದೇ ಸೀಟು, ಅದಕ್ಕೆ ಹೆಸರು ಸೂಚಿಸುವವನು ನಾನೇ ಎನ್ನುವುದನ್ನೂ, ಹವಾಮಾನದ ಬಗ್ಗೆ ಮಾತಾಡಿದಷ್ಟು ಸಲೀಸಾಗಿ ಸೇರಿಸಿದ್ದರು. ಯೂರಾನಿಸ್ ಕೋಲೆ ಬಸವನ ಹಾಗೆ ತಲೆಯಾಡಿಸಿ ಬಂದಿದ್ದಳು. ತಲೆಯಾಡಿಸಿದ ಆ ಕ್ಷಣ ಈಗ ನೆನಪಾಗಿ ಕತ್ತಿನ ಹಿಂದೆ ಬಿಸಿಯಾಯಿತು. ರೋಗಿಯನ್ನೂ ಅವರೇ ಆರಿಸಿದ್ದರು, ಹೇಳಬೇಕಾದ ಮಾತನ್ನೂ. ಹೆಸರು ಎವರ್ಲೀದಿಸ್, ರಕ್ತದೊತ್ತಡ ಹತೋಟಿಯಲ್ಲಿದೆ, ಔಷಧಿ ಹಾಗೇ ಮುಂದುವರಿಸಿ ಎನ್ನುವುದು, ನೀವು ಇಷ್ಟು ದೂರ ಬರುವ ತೊಂದರೆ ತಪ್ಪಿತು ಎನ್ನುವುದು, ನಗುವುದು. ಏನು ಹೇಳಬೇಕೆಂದು ಮೊದಲೇ ಗೊತ್ತಿರುವಾಗ ತಪಾಸಣೆ ಯಾಕೆ ಎಂದು ಅವಳು ಕೇಳಲಿಲ್ಲ.

ಸಭಾಂಗಣದಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಮುಂದಿನ ಸಾಲಿನ ಹೆಂಗಸರು ಶಾಲು ಹೊದ್ದಿದ್ದರು. ಯೂರಾನಿಸ್ ವೇದಿಕೆಯ ಮೇಜಿನ ಹಿಂದೆ ಕೂತಳು. ಎದುರಿಗೆ ಕ್ಯಾಮೆರಾ, ಅದರ ಕೆಳಗೆ ಅವಳಿಗೊಂದು ಸಣ್ಣ ಪರದೆ, ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡದು. ಸಿಲ್ವಾನಾ ಕ್ಯಾಮೆರಾದ ಪಕ್ಕದಲ್ಲಿ ನಿಂತು ಎರಡು ಬೆರಳನ್ನು ತನ್ನ ಕಣ್ಣಿಗೆ ತೋರಿಸಿ ಆಮೇಲೆ ಹಸಿರು ದೀಪಕ್ಕೆ ತೋರಿಸಿದಳು. ಪರದೆ ಹೊತ್ತಿಕೊಂಡಿತು. ಲಾ ಗಾರ್ಸಾದ ಆರೋಗ್ಯ ಕೇಂದ್ರದ ನೀಲಿ ಗೋಡೆ, ಅದರ ಮುಂದೆ ತೂಗುಕುರ್ಚಿ, ಕುರ್ಚಿಯಲ್ಲಿ ಎವರ್ಲೀದಿಸ್. ಅಂಚಿನಲ್ಲಿ ನರ್ಸಿಂಗ್ ಸಹಾಯಕ ನಾಫೆರ್‌ನ ಅರ್ಧ ಭುಜ. ಸಭೆಯಿಂದ ಮೆಚ್ಚುಗೆಯ ಸದ್ದು ಬಂತು, ಯಾಕೆಂದರೆ ಹೆಂಗಸು ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು. ಹೂವಿನ ಚಿತ್ತಾರದ ಇಸ್ತ್ರಿ ಮಾಡಿದ ಗೌನು, ಕಿವಿಯಲ್ಲಿ ಚಿನ್ನದ ರಿಂಗುಗಳು, ಎಳೆದು ಕಟ್ಟಿದ ಕೂದಲು, ಕೆಂಪು ತುಟಿ, ಕೆಂಪು ಕೆನ್ನೆ, ಕೆಂಪು ಉಗುರು. ಹೇಗಿದ್ದೀರಿ ಎಂದು ಯೂರಾನಿಸ್ ಹಸಿರು ದೀಪವನ್ನು ಕೇಳಿದಳು.

"ಚೆನ್ನಾಗಿದೀನಿ ಡಾಕ್ಟ್ರಮ್ಮ," ಎಂದಿತು ಪರದೆ. ಒಂದು ಗಳಿಗೆ ಸುಮ್ಮನಿತ್ತು. "ದೇವ್ರು ನಡೆಸ್ತಿದಾನೆ." ಮತ್ತೆ ಸುಮ್ಮನಿತ್ತು. "ನಿಮ್ಮನೇಲೆಲ್ಲ ಕ್ಷೇಮಾನಾ?"

ಸಭೆ ಪ್ರೀತಿಯಿಂದ ನಕ್ಕಿತು. ಯೂರಾನಿಸ್ ನಗಲಿಲ್ಲ. ಯಾವುದೋ ಒಂದು ಸರಿಯಿಲ್ಲ, ಯಾವುದು ಎಂದು ತಿಳಿಯುತ್ತಿಲ್ಲ, ಯಾಕೆಂದರೆ ಅವಳು ನೋಡುತ್ತಿರುವುದು ಒಂದು ದೀಪವನ್ನು. ಕೆಂಪು ತುಟಿಯಷ್ಟೇ ಕಣ್ಣಿನ ಕೆಳಗಂಚಿನಲ್ಲಿ ಮಸುಕಾಗಿ ತೇಲುತ್ತಿತ್ತು. ಅಜ್ಜಿ ಚೆಂಚಾಳ ತುಟಿಯೂ ಹೀಗೇ ಕೆಂಪಾಗಿತ್ತು. ಡಾಕ್ಟರ ಹತ್ತಿರ ಹೋಗುವಾಗ ಹಬ್ಬಕ್ಕೆ ಹೋದ ಹಾಗೆ ಹೋಗಬೇಕು ಎನ್ನುತ್ತಿದ್ದಳು ಅಜ್ಜಿ. ನದಿ ಕಡೆಯ ಹೆಂಗಸರೆಲ್ಲ ಹಾಗೇ, ಮೈ ಕೆಂಡವಾಗಿದ್ದರೂ ಸ್ನಾನ ಮಾಡಿ, ಪೌಡರ್ ಬಳಿದು, ಇರುವುದರಲ್ಲೇ ಒಳ್ಳೆಯ ಒಳಬಟ್ಟೆ ತೊಟ್ಟು ಹೊರಡುತ್ತಾರೆ. ಸೊರಗಿದ ಮುಖ ಹೊತ್ತುಕೊಂಡು ಹೋದರೆ ಭಿಕ್ಷೆಯವಳು ಅಂದ್ಕೋತಾರೆ ಕಣೇ, ಮುಟ್ಟೋದೂ ಇಲ್ಲ. ಅವತ್ತು ಅಜ್ಜಿ ಕಿಟಕಿಯ ಹತ್ತಿರ ಕೂತು ತುಟಿಗೆ ಬಣ್ಣ ಹಚ್ಚಿಕೊಂಡಳು, ಕೈ ನಡುಗುತ್ತಿತ್ತು, ಕನ್ನಡಿ ಹಿಡಿದವಳು ಪುಟ್ಟ ಯೂರಾನಿಸ್. ಸ್ವಲ್ಪ ಮೇಲೆ ಹಿಡಿಯೇ, ಹಾಂ ಹಾಗೆ. ನಗರದ ಆಸ್ಪತ್ರೆಯಲ್ಲಿ ಉದ್ದನೆಯ ಬೆಂಚು. ಬಿಳಿ ಕೋಟಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತು ಕಾದಿದ್ದವರನ್ನೆಲ್ಲ ಕಣ್ಣಲ್ಲೇ ಅಳೆದು, ಅಜ್ಜಿಯ ಬಳಿ ಬಂದಾಗ ಏನು ಸೆನ್ಯೋರಾ, ಯಾರ ಮದುವೆ ಎಂದು ನಕ್ಕು ಮುಂದೆ ಹೋದ. ಅಜ್ಜಿಯೂ ನಕ್ಕಳು. ಅವಳಿಗೆ ಹೆಮ್ಮೆಯಾಗಿತ್ತು. ಬೆಂಚಿನ ಮೇಲೆ ನೆಟ್ಟಗೆ ಕೂತಳು, ಚೀಲ ತೊಡೆಯ ಮೇಲೆ, ತಲೆ ಗೋಡೆಗೆ ಒರಗಿತ್ತು. ಯೂರಾನಿಸ್ ಮೊಟ್ಟೆ ತುಂಬಿದ ಅರೆಪಾ ರೊಟ್ಟಿ ತಿನ್ನುತ್ತ ಕಾಲು ಆಡಿಸುತ್ತಿದ್ದಳು. ಕೂಗಿ ಕರೆಯುವ ಹೊತ್ತಿಗೆ ಅಜ್ಜಿ ಯಾವಾಗಲೋ ಹೋಗಿದ್ದಳು. ಹೋದದ್ದು ಯಾರಿಗೂ ಕಾಣಲಿಲ್ಲ, ಪಕ್ಕದಲ್ಲೇ ಕೂತಿದ್ದವಳಿಗೂ. ತುಟಿ ಕೆಂಪಗೇ ಇತ್ತು.

ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಿರುವ ದನಿ ತನ್ನದೇ ಎಂದು ಅವಳಿಗೆ ಗೊತ್ತಾಯಿತು. ತಗೋತಿದೀನಿ, ಎಂದು ಉತ್ತರ ಬಂತು, ನಿಂತಿತು, ಒಂದೂ ಬಿಟ್ಟಿಲ್ಲ, ನಿಂತಿತು. ನಿಲ್ಲುತ್ತಿದೆ. ಅದೇ ಸರಿಯಿಲ್ಲದ್ದು. ನದಿ ಕಡೆಯ ಹೆಂಗಸು ಮಾತಿನ ನಡುವೆ ನಿಲ್ಲುವುದೆಂದರೇನು? ಉಸಿರು ಬಿಡದೆ, ಅರ್ಧ ಅಕ್ಷರ ನುಂಗಿ, ಕೇಳಿದವರ ಸರದಿಯನ್ನೂ ತಾವೇ ಕಸಿದುಕೊಂಡು ಮಾತಾಡುವ ಜನ ಅವರು. ಇವಳಿಗೆ ಎರಡು ಮಾತಿಗೊಮ್ಮೆ ಉಸಿರು ಬೇಕಾಗುತ್ತಿದೆ, ಸಭೆ ಅದನ್ನು ಹಳ್ಳಿಯವಳ ನಾಚಿಕೆ ಎಂದುಕೊಂಡು ಕರಗುತ್ತಿದೆ. ಯೂರಾನಿಸ್ ದೀಪದಿಂದ ಕಣ್ಣು ಕಿತ್ತು ಸಣ್ಣ ಪರದೆ ನೋಡಿದಳು. ಈಗ ಕಂಡಿತು. ಉಸಿರೆಳೆದಾಗಲೆಲ್ಲ ಕತ್ತಿನ ನರ ಹಗ್ಗದಂತೆ ಏಳುತ್ತಿತ್ತು, ಭುಜ ಮೇಲೆ ಹೋಗುತ್ತಿತ್ತು. ಕುರ್ಚಿ ತೂಗುತ್ತಿರಲಿಲ್ಲ, ಕೆಂಪು ಉಗುರುಗಳು ಅದರ ಕೈಗಳನ್ನು ಬಿಗಿಯಾಗಿ ಹಿಡಿದಿದ್ದವು. ಸಿಲ್ವಾನಾ ಕ್ಯಾಮೆರಾದ ಪಕ್ಕ ಕೈ ಆಡಿಸತೊಡಗಿದಳು: ಕಣ್ಣು ಮೇಲೆ, ಕಣ್ಣು ಮೇಲೆ. ಯೂರಾನಿಸ್ ಎತ್ತಲಿಲ್ಲ. ಒಕ್ತಾವಿಯೊ ಕೊಟ್ಟ ಚೀಟಿಯಲ್ಲಿ ಇಲ್ಲದ ಪ್ರಶ್ನೆ ಕೇಳಿದಳು. ರಾತ್ರಿ ಎಲ್ಲಿ ಮಲಗುತ್ತೀರಿ?

"ಇಂಥದೇ ಕುರ್ಚೀಲಿ," ಎಂದಳು ಎವರ್ಲೀದಿಸ್. "ಗಾಳಿ ಚೆನ್ನಾಗಿ ಬರುತ್ತೆ."

ಮಂಚದಲ್ಲಿ ಯಾಕೆ ಮಲಗುವುದಿಲ್ಲ ಎಂದರೆ ಸೆಕೆ ಎಂದಳು. ಮಲಗಿದರೆ ಏನಾಗುತ್ತದೆ ಎಂದರೆ ಎಂಥದ್ದೂ ಇಲ್ಲ, ಸ್ವಲ್ಪ ಮುಳುಗಿದ ಹಾಗಾಗುತ್ತೆ ಎಂದಳು. ಹೇಳಿ ಸಭೆಗೆಲ್ಲ ಕೇಳಿಸುವಂತೆ ಉಸಿರೆಳೆದು, ತಪ್ಪು ಮಾಡಿದವಳಂತೆ ನಕ್ಕಳು. ಮುಂದಿನ ಸಾಲಿನಲ್ಲಿ ಒಕ್ತಾವಿಯೊ ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿದರು. ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಎಷ್ಟು ತೋರಿಸುತ್ತಿದೆ ಎಂದು ಯೂರಾನಿಸ್ ಕೇಳಿದ್ದಕ್ಕೆ ನಾಫೆರ್ ಗಂಟಲು ಸರಿಮಾಡಿಕೊಂಡು, ಇವತ್ತು ಯಾಕೋ ತೋರಿಸಲಿಲ್ಲ, ಉಗುರಿನ ಬಣ್ಣಕ್ಕಿರಬೇಕು ಅಂದುಕೊಂಡು ಹೋದ ವಾರದ್ದನ್ನೇ ಕಳಿಸಿದೆ ಎಂದ. ಬಣ್ಣ ಹಚ್ಚಿದ್ದು ಯಾರು ಎಂದು ಅವನನ್ನೇ ಕೇಳಿದಳು.

"ನಾನೇ ಹೇಳಿ ಹಚ್ಚಿಸ್ದೆ ಡಾಕ್ಟ್ರೇ. ನಿಮ್ಮ ಆಫೀಸಿಂದಾನೇ ಫೋನ್ ಬಂದಿತ್ತಲ್ಲ, ಟಿವೀಲಿ ಬರುತ್ತೆ, ಪೇಷಂಟು ನೋಡೋಕೆ ಲಕ್ಷಣವಾಗಿರ್ಬೇಕು ಅಂತ."

ಆಗ ಅವಳಿಗೆ ಬಂದ ಸಿಟ್ಟು ತಲೆಗೆ ಏರುವಂಥದ್ದಲ್ಲ, ಕೈಕಾಲು ತಣ್ಣಗಾಗಿಸುವಂಥದ್ದು. ನಾಫೆರ್‌ನ ಮೇಲೆ ಬರಲಿಲ್ಲ. ಅವನು ಹೇಳಿದ್ದನ್ನು ಮಾಡುವವನು, ಅವಳೂ ಹಾಗೇ. ಆಸ್ಪತ್ರೆ ಕಾಯಿಲೆಯವಳನ್ನು ಹುಡುಕಿ, ಕಾಯಿಲೆ ಕಾಣದ ಹಾಗೆ ಬಳಿದು, ಡಾಕ್ಟರಿಗೂ ಬಳಿದು, ಎದುರುಬದುರು ಕೂರಿಸಿ, ಒಬ್ಬರ ಮುಖ ಒಬ್ಬರು ನೋಡಬೇಡಿ ಎಂದು ಹೇಳಿಕೊಟ್ಟಿದೆ. ಕ್ಯಾಮೆರಾ ಪಾಪ ಇದ್ದದ್ದನ್ನೇ ತೋರಿಸುತ್ತಿತ್ತು. ಅದರ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ.

"ನಾಫೆರ್, ಒಂದು ಬೋಗುಣೀಲಿ ನೀರು ತನ್ನಿ," ಎಂದಳು. "ಸೋಪೂ ತನ್ನಿ. ಅಮ್ಮಾ, ಸ್ವಲ್ಪ ಮುಖ ತೊಳ್ಕೊಳ್ತೀರಾ?"

ಎವರ್ಲೀದಿಸ್‌ಳ ನಗು ನಿಂತಿತು. ಜನ ಇದ್ದಾರಲ್ಲ ಎಂದಳು. ಇಷ್ಟು ಜನರ ಎದುರಿಗೆ ಒಬ್ಬ ಹೆಂಗಸಿನ ಮುಖದ ಬಣ್ಣ ಇಳಿಸುವುದೆಂದರೆ ಸೆರಗು ಎಳೆದ ಹಾಗೆ. ಅದು ಯೂರಾನಿಸ್‌ಗೆ ಗೊತ್ತಿತ್ತು, ಗೊತ್ತಿದ್ದೇ ಕೇಳುತ್ತಿದ್ದಳು, ಅದಕ್ಕೂ ತನ್ನ ಮೇಲೆ ಹೇಸಿಗೆಯಾಯಿತು. ಹಿಂದಿನ ದೊಡ್ಡ ಪರದೆ ಆರಿಸಿ ಎಂದು ಸಿಲ್ವಾನಾಗೆ ಹೇಳಿದಳು. ಸಿಲ್ವಾನಾ ಒಕ್ತಾವಿಯೊ ಕಡೆ ನೋಡಿದಳು. ಪರದೆ ಆರಲಿಲ್ಲ. ನೀರು ಬಂತು. ಸಭಾಂಗಣದ ನಾಲ್ಕು ಮೂಲೆಯ ಸ್ಪೀಕರುಗಳಲ್ಲಿ ನೀರು ಚೆಲ್ಲುವ ಸದ್ದು ಕೇಳಿತು, ನಡುನಡುವೆ ಆ ಉಸಿರು. ಟವೆಲು ಮುಖದಿಂದ ಇಳಿದಾಗ ಶಾಲು ಹೊದ್ದ ಹೆಂಗಸರಲ್ಲಿ ಒಬ್ಬಳು ಅಯ್ಯೋ ಎಂದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಮುಖ ಬೂದಿ.

ಒಕ್ತಾವಿಯೊ ಆಗಲೇ ವೇದಿಕೆ ಹತ್ತಿ ಮೈಕು ಹಿಡಿದಿದ್ದರು. ನಮ್ಮ ಕಿರಿಯ ಡಾಕ್ಟರಿಗೆ ಈ ಹೊಸ ವಿಧಾನ ಇನ್ನೂ ಪೂರ್ತಿ ಒಗ್ಗಿಲ್ಲ, ಪಿಜಿಗಳು ಸಿದ್ಧರಾಗಬೇಕು ಎಂದು ನಾನು ಬಡಕೊಳ್ಳುವುದು ಇದಕ್ಕೇ ಎಂದು ಸಭೆಯನ್ನು ನೋಡಿ ನಕ್ಕರು. ನಗುತ್ತಲೇ ಕೈಬೆರಳಲ್ಲಿ ಸನ್ನೆ ಮಾಡಿದರು, ಧ್ವನಿ ಕಡಿದುಹೋಯಿತು. ಚಿತ್ರ ಇತ್ತು. ಎವರ್ಲೀದಿಸ್ ಒದ್ದೆ ಮುಖದಲ್ಲಿ ಏನೋ ಹೇಳುತ್ತಿದ್ದಳು, ಯಾರಿಗೂ ಕೇಳಿಸುತ್ತಿರಲಿಲ್ಲ. ಯೂರಾನಿಸ್ ಕೋಟಿನ ಜೇಬಿನಿಂದ ತನ್ನ ಫೋನ್ ತೆಗೆದಳು. ದೊಡ್ಡ ಪರದೆಯಲ್ಲಿ ನಾಫೆರ್ ಪ್ಯಾಂಟಿನ ಜೇಬು ತಡಕಿ ಫೋನ್ ಎತ್ತುವುದನ್ನು ಇಡೀ ಸಭೆ ನೋಡಿತು.

"ದೋಣಿಗೆ ಹೇಳಿ, ಈಗಲೇ. ಆಕ್ಸಿಜನ್ ಜೊತೇಲಿ ಹಾಕ್ಕೊಳ್ಳಿ. ಮಲಗಿಸ್ಬೇಡಿ, ಕೂರಿಸ್ಕೊಂಡೇ ಕರ್ಕೊಂಡ್ಬನ್ನಿ. ಈ ಕಡೆ ರಸ್ತೇಲಿ ಆಂಬುಲೆನ್ಸ್ ನಿಂತಿರುತ್ತೆ, ಅದು ನನ್ನ ಜವಾಬ್ದಾರಿ."

ಪಕ್ಕದಲ್ಲಿ ನಿಂತ ಒಕ್ತಾವಿಯೊ ತುಟಿ ಅಲುಗಿಸದೆ, ಡಾಕ್ಟರ್ ಯೂರಾನಿಸ್, ಫೋನ್ ಇಡಿ ಎಂದರು. ಅವಳು ಇಡಲಿಲ್ಲ. ಆರೋಗ್ಯ ಕಾರ್ಯದರ್ಶಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೆಲ್ಲ ಕಾರ್ಯಕ್ರಮದ ಭಾಗ ಎಂದೇ ಅವರು ತಿಳಿದಿದ್ದರು. ನೋಡಿ, ಎಲ್ಲೋ ಮೂಲೆಯ ಒಂದು ಜೀವ ಉಳಿಯಿತು ಎಂದು ಪಕ್ಕದವರಿಗೆ ಹೇಳಿದರು. ಸಭೆಯೂ ಎದ್ದಿತು. ಒಕ್ತಾವಿಯೊ ಮುಖ ಉಸಿರೊಂದರಲ್ಲಿ ಬದಲಾಯಿತು. ಇದನ್ನೇ, ಇದನ್ನೇ ನಾನು ಹೇಳುತ್ತಿದ್ದುದು ಎಂದು ಮೈಕಿನಲ್ಲಿ ಅಂದು ಯೂರಾನಿಸ್‌ಳ ಭುಜದ ಮೇಲೆ ಕೈಯಿಟ್ಟರು. ಬೆರಳುಗಳು ಒಳಗಿಳಿಯುವಷ್ಟು ಒತ್ತಿದ್ದರು. ಹೊರಗೆ ಹಜಾರದಲ್ಲಿ ಮಾತ್ರ ಮೊದಲಿನ ಮುಖವೇ ಇತ್ತು. ಮುಖ ತೊಳೆಸಿದ ಭಾಗವನ್ನು ವಿಡಿಯೋದಿಂದ ಕತ್ತರಿಸುತ್ತೇವೆ, ಅಲಂಕಾರ ಮಾಡಿಸಿ ಎಂದು ಲಾ ಗಾರ್ಸಾಗೆ ಫೋನ್ ಹೋದ ವಿಷಯ ಎಲ್ಲೂ ಬರಕೂಡದು ಎಂದರು. ಹೃದ್ರೋಗದ ಸೀಟಿಗೆ ಇನ್ನೂ ಪಕ್ವವಾದವರು ಬೇಕಾಗುತ್ತಾರೆ, ನೀವಿನ್ನೂ ಚಿಕ್ಕವರು ಎಂದರು. ಅವಳು ಹೇಳಬೇಕಾದದ್ದು ಹತ್ತು ನಿಮಿಷದ ಮೇಲೆ, ಕೈತೊಳೆಯುವ ಕೋಣೆಯಲ್ಲಿ, ಕನ್ನಡಿಯೆದುರು ನಲ್ಲಿ ತಿರುಗಿಸುವಾಗ ಒಂದೊಂದೇ ಬಂತು, ಎಷ್ಟು ಚೆನ್ನಾಗಿತ್ತು, ಎಷ್ಟು ಹರಿತವಾಗಿತ್ತು, ಕೇಳುವವರಿರಲಿಲ್ಲ. ತುಟಿಯ ಬಣ್ಣವನ್ನು ಕೋಟಿನ ತೋಳಿನಲ್ಲಿ ಉಜ್ಜಿದಳು. ಅದು ಒಳ್ಳೆಯ ಕಂಪನಿಯದು, ಸುಲಭಕ್ಕೆ ಹೋಗಲಿಲ್ಲ.

ಬಿಸಿಲು ವಾಲುವ ಹೊತ್ತಿಗೆ ಅವಳು ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಹಿಂದೆ ಬ್ರೈನರ್, ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬೇಕು ಎಂದು ಹೇಳುವ ಪಾಳಿ ಇವತ್ತು ಅವನದು. ನೀನು ಟಿವಿಯಲ್ಲಿ ಸಕತ್ತಾಗಿ ಕಾಣುತ್ತಿದ್ದೆಯಂತೆ ಎಂದು ಛೇಡಿಸಿದ. ಅವಳು ಕೈಯಲ್ಲಿ ಫೋನ್ ಹಿಡಿದುಕೊಂಡು ರಸ್ತೆ ನೋಡುತ್ತಿದ್ದಳು. ಏನೋ ಮುದುಡಿದ, ಬೂದಿ ಬಣ್ಣದ, ಎಲ್ಲರೂ ದಾರಿ ಬಿಡುವಂಥ ಆಕೃತಿಯೊಂದು ಆಂಬುಲೆನ್ಸಿನಿಂದ ಇಳಿಯುತ್ತದೆ ಎಂದುಕೊಂಡಿದ್ದಳು. ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು ಎವರ್ಲೀದಿಸ್ ಇಳಿದಳು. ಆಕ್ಸಿಜನ್ ಮಾಸ್ಕನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಹೂವಿನ ಗೌನು, ಬಿಗಿಯಾದ ಕಪ್ಪು ಶೂ. ತುಟಿಗೆ ಮತ್ತೆ ಬಣ್ಣ ಹಚ್ಚಿದ್ದಳು, ಕೆನ್ನೆಗೂ. ದಾರಿಯ ಕುಲುಕಿಗೆ ಅಂಚು ಸ್ವಲ್ಪ ಸೊಟ್ಟಗಾಗಿತ್ತು, ಅಷ್ಟೇ.

ಬ್ರೈನರ್ ಒಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದ.

"ಇವರೇನಾ ನಿನ್ನ ಸೀರಿಯಸ್ ಪೇಷಂಟು? ಮದ್ವೆಗೆ ಬಂದ ಹಾಗಿದಾರಲ್ಲೇ. ಬೆಂಚಲ್ಲಿ ಕೂತಿರ್ಲಿ ಬಿಡು, ಮಂಚ ಖಾಲಿ ಆದ್ಮೇಲೆ ನೋಡೋಣ."

ಎವರ್ಲೀದಿಸ್ ಅದನ್ನು ಹೊಗಳಿಕೆ ಎಂದುಕೊಂಡು ನಕ್ಕಳು. ಬೆಂಚು ಅಲ್ಲೇ ಇತ್ತು, ಗೋಡೆಗೆ ಒರಗಿದಂತೆ, ಉದ್ದಕ್ಕೆ, ಅಂದಿನದೇ ಎನ್ನುವ ಹಾಗೆ. ನೀನಿರುವಂಥ ಜಾಗದಲ್ಲೇ ಅವತ್ತು ಅಜ್ಜಿಯೆದುರು ಒಬ್ಬ ನಿಂತಿದ್ದ ಎಂದು ಅವನ ಕತ್ತುಪಟ್ಟಿ ಹಿಡಿದು ಹೇಳಬೇಕೆನಿಸಿತು. ಕೂಗಾಡಿದರೆ ಯೂರಾನಿಸ್‌ಗೆ ಹುಚ್ಚು ಎಂದು ಹೇಳಿ ಎಲ್ಲರೂ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅವಳ ಕೋಟಿನ ಜೇಬಿನಲ್ಲಿ ಒದ್ದೆ ಹತ್ತಿಯಿತ್ತು, ತನ್ನ ತುಟಿಯಲ್ಲಿ ಉಳಿದ ಬಣ್ಣ ಒರೆಸಲೆಂದು ಇಟ್ಟುಕೊಂಡದ್ದು, ಕೈ ಈಗ ಅದನ್ನು ಹುಡುಕಿತು. ಎವರ್ಲೀದಿಸ್ ಆ ಕೈಯನ್ನೇ ನೋಡುತ್ತಿದ್ದಳು.

"ತೊಳಿ ಅನ್ಬೇಡ ಮಗಳೇ," ಎಂದಳು. ಉಸಿರೆಳೆದಳು. "ಆಸ್ಪತ್ರೇಲಿ ಇಷ್ಟು ಜನ ಇದಾರೆ."

"ಇಲ್ಲಮ್ಮ, ಇರ್ಲಿ," ಎಂದಳು ಯೂರಾನಿಸ್.

ಅವಳು ಗಾಲಿಕುರ್ಚಿಯ ಮುಂದೆ ನೆಲಕ್ಕೆ ಮೊಣಕಾಲೂರಿದಳು. ಶೂ ಬರಲಿಲ್ಲ, ಹೃದಯ ಸೋತು ನೀರಿಳಿದ ಕಾಲು ಅದರೊಳಗೆ ಊದಿಕೊಂಡು ಬಿಗಿದಿತ್ತು, ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕಾಯಿತು. ಲಾ ಗಾರ್ಸಾದ ಕ್ಯಾಮೆರಾ ಮೊಣಕಾಲಿನಿಂದ ಕೆಳಗೆ ಏನನ್ನೂ ತೋರಿಸಿರಲಿಲ್ಲ. ಬರಿಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು, ಒತ್ತಿಯೇ ಹಿಡಿದಳು, ಬ್ರೈನರ್ ಮೇಜಿನ ಆಚೆಯಿಂದ ಎದ್ದು ಬಂದು ಬಗ್ಗುವವರೆಗೂ. ಆಮೇಲೆ ಬೆರಳು ತೆಗೆದಳು. ಹಸಿ ಹಿಟ್ಟಿನಲ್ಲಿ ಬಿದ್ದಂಥ ಕುಳಿ. ಅದು ಮೇಲೇಳಲಿಲ್ಲ. ಮೂವರೂ ನೋಡುತ್ತಿದ್ದರು, ಕುಳಿ ಹಾಗೇ ಇತ್ತು. ಬ್ರೈನರ್ ಮಂಚ ತರಲು ಓಡಿದ.